ಬಗಲಲ್ಲಿ ಹುಕ್ಕು

ಲಕ್ಷ್ಮೇಶ್ವರದ ಆ ಓಣಿಯಲ್ಲಿ ಲಾರಿ ನಿಂತ ಮೇಲೆ ಉಳಿದವರೆಲ್ಲ ಮುಂದಿನ ಬಾಗಿಲಿನಿಂದ ಇಳಿದು ಹಂದರದ ಕಡೆ ನಡೆದರೆ ನೇತ್ರಾ ಮಾತ್ರ ಲಾರಿಯ ಹಿಂದಕ್ಕೆ ಹೋದಳು. ರೇಷ್ಮೆ ಸೀರೆಯ ನೆರಿಗೆಗಳನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡು ಕುಕ್ಕರಗಾಲಿನಲ್ಲಿ ಕೂತು, ಟ್ರೇಲರ್ ಎಳೆಯುವ ಹುಕ್ಕಿನ ಅಡ್ಡಮೊಳೆಗೆ ಕೈ ಹಾಕಿದಳು. ಮೊಳೆ ಬಿಗಿದಿತ್ತು. ಬಿಸಿಲಿಗೆ ಕಬ್ಬಿಣ ಕಾದಿತ್ತು. ಓಣಿಯ ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಗಂಡಸರು ಮೊದಲು ಲಾರಿ ಹೊಡೆದುಕೊಂಡು ಬಂದ ಹೆಂಗಸನ್ನು ನೋಡಿದ್ದರು, ಆಮೇಲೆ ಹುಕ್ಕನ್ನು ನೋಡಿದ್ದರು. ಮೊದಲನೆಯ ನೋಟ ಅವಳಿಗೆ ರೂಢಿಯಾಗಿತ್ತು, ಅದಕ್ಕೆ ಈಗೀಗ ಮೈ ಉರಿಯುತ್ತಿರಲಿಲ್ಲ. ಎರಡನೆಯದನ್ನು ಮಾತ್ರ ಅವಳು ಯಾರಿಗೂ ಮಾಫಿ ಮಾಡುತ್ತಿರಲಿಲ್ಲ. ಬಿಳಿ ಟೋಪಿ, ಒಗೆದ ಧೋತರ, ಬಾಯಲ್ಲಿ ಎಲೆಯಡಿಕೆ. ಕಳ್ಳರಂತೂ ಅಲ್ಲ ಎಂದು ಅವಳಿಗೂ ಗೊತ್ತು. ಆದರೆ ಹಿಂದಿನ ಹುಕ್ಕು ಕದ್ದವನ ಮುಖವನ್ನು ಅವಳು ಕಂಡಿರಲಿಲ್ಲ. ಹಾಗಾಗಿ ಯಾವ ಮುಖವಾದರೂ ಅವನದಾಗಬಹುದಿತ್ತು.

"ಏ ಯವ್ವಾ, ಇವತ್ತೊಂದಿನಾರ ಬಿಡು ಅದನ್ನ," ಎಂದಳು ಅತ್ತೆ ಸುಮಿತ್ರವ್ವ, ಕೈಯಲ್ಲಿ ಇವತ್ತು ತೊಟ್ಟಿಲಿಗೆ ಹಾಕುವ ಕೂಸಿನ ಕುಲಾಯಿ, ಬಳೆ ಇಟ್ಟ ತಾಟು ಹಿಡಿದುಕೊಂಡು. "ಬೀಗರ ಮನಿ ಮುಂದ ಹಿಂಗ ಕುಂತ್ರ ಮಂದಿ ಏನಂದಾರು?"

"ಬಿಟ್ರ ಮಂದಿ ಒಯ್ತಾರ್ರಿ ಅತ್ತಿ."

"ಒಯ್ದ್ರ ಒಯ್ಲಿ. ಹಾಳ ಕಬ್ಬಿಣ."

ನೇತ್ರಾ ಮೊಳೆಯನ್ನು ಕಲ್ಲಿನಿಂದ ಬಡಿದಳು. ಹಾಳು ಕಬ್ಬಿಣ. ಶಿರಹಟ್ಟಿಯಲ್ಲಿ ಕರೆವ್ವ ಎಂಬ ಮುದುಕಿಯ ಹಿತ್ತಲಲ್ಲಿ ಅವಳ ಟ್ರೇಲರ್ ನಿಂತಿತ್ತು, ಟ್ರೇಲರಿನ ಮೇಲೆ ಖಾರ ಕುಟ್ಟುವ ಯಂತ್ರ. ನಿನ್ನೆಯ ಕುಟ್ಟುವ ಕೆಲಸ ಮುಗಿದ ಮೇಲೆ, ಬೀಗರ ಮನೆಗೆ ಹೋಗುವಾಗ ಅದು ಹಿಂದೆ ಜೋತಾಡುವುದು ಬೇಡ ಎಂದು ಗಂಡ ಹೇಳಿದ್ದಕ್ಕೆ ಅಲ್ಲಿ ಬಿಟ್ಟು ಬಂದಿದ್ದಳು. ಇಂದು ಸಂಜೆ ಅದನ್ನು ಕಟ್ಟಿಕೊಂಡು ಬೆಟಗೇರಿಗೆ ಹೋಗಬೇಕು, ನಾಳೆ ಮುಂಜಾನೆ ಮುಂಡರಗಿ ಮುಟ್ಟಬೇಕು. ಅಲ್ಲಿನ ಹೆಂಗಸರು ಮೆಣಸಿನಕಾಯಿ ತೊಟ್ಟು ಮುರಿದು, ಒಣಗಿಸಿ, ಕೊತ್ತಂಬರಿ ಹುರಿದಿಟ್ಟುಕೊಂಡು ಕಾಯುತ್ತಾರೆ. ಹುಕ್ಕು ಇಲ್ಲದೆ ಲಾರಿ ಇದೆ, ಯಂತ್ರವೂ ಇದೆ, ನಡುವೆ ಏನೂ ಇಲ್ಲ. ಅಂಥದೊಂದು ಮುಂಜಾನೆಯನ್ನು ಅವಳು ಒಮ್ಮೆ ಕಂಡಿದ್ದಳು. ಸಂತೆಯ ಬಯಲಲ್ಲಿ ಲಾರಿ ನಿಲ್ಲಿಸಿ, ಟ್ರೇಲರ್ ಬೇರೆ ಮಾಡಿ, ಒಂದು ಲೋಟ ಚಹಾ ಕುಡಿದು ಬರುವಷ್ಟರಲ್ಲಿ ಹುಕ್ಕು ಹೋಗಿತ್ತು. ಹಾಕಿದ್ದ ಬೀಗವನ್ನು ಕತ್ತರಿಸಿ, ಬೀಗವನ್ನು ಮಾತ್ರ ಅವಳಿಗೇ ಬಿಟ್ಟು ಹೋಗಿದ್ದರು. ಹುಕ್ಕು ಕೂತಿದ್ದ ಚೌಕ ಕೊಳವೆ ಹಲ್ಲು ಬಿದ್ದ ಬಾಯಿಯ ಹಾಗೆ ತೆರೆದುಕೊಂಡಿತ್ತು. ಅವಳು ಅದರೊಳಗೆ ಕೈ ಹಾಕಿ ನೋಡಿದ್ದಳು, ಒಳಗೆಲ್ಲೋ ಸರಿದಿರಬಹುದೇನೋ ಎಂಬಂತೆ. ಹಿಂದೆ ನಿಂತ ಯಾರೋ ನಕ್ಕಿದ್ದರು. ಅವಳು ಹೋಗಬೇಕಿದ್ದ ಹರ್ತಿ ಊರಿನ ಹೆಂಗಸರು ಆ ದಿನ ಬಿಸಿಲು ಏರುವವರೆಗೆ ಕಾದು, ತಮ್ಮ ಚೀಲಗಳನ್ನು ಬೇರೆ ಗಿರಣಿಗೆ ಹೊರಿಸಿ ಕಳಿಸಿದ್ದರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಆದರೂ ಫೋನಿನಲ್ಲಿ ಒಬ್ಬಳು "ನಿನ್ನ ನಂಬಿ ಕುಂತಿದ್ವೆಲ್ಲವಾ" ಎಂದ ಧ್ವನಿ ಅವಳ ಕಿವಿಯಲ್ಲಿ ಇವತ್ತಿಗೂ ಇತ್ತು.

ಮೊಳೆ ಜಾರಿ ಕೈಗೆ ಬಂತು. ಹುಕ್ಕನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಸೀಟಿನ ಕೆಳಗಿನಿಂದ ಹಳೆಯ ಸೀರೆಯ ತುಂಡನ್ನು ತಂದು ಸುತ್ತಿದಳು. ಇಳಕಲ್ ಸೀರೆ, ಒಗೆದೊಗೆದು ಬೆಣ್ಣೆಯ ಹಾಗೆ ಮೆತ್ತಗಾದದ್ದು, ದಡಿಯ ಕೆಂಪು ಮಾತ್ರ ಇನ್ನೂ ಉಳಿದಿತ್ತು. ಸುಮಿತ್ರವ್ವ ಅದನ್ನು ಟ್ರಂಕಿನಲ್ಲಿ ಎತ್ತಿಟ್ಟದ್ದು ಮೊಮ್ಮಗುವಿಗೆಂದು. ದೊಡ್ಡ ಸೊಸೆ ನೇತ್ರಾಳಿಗೆ ಹುಟ್ಟುವ ಕೂಸಿಗೆ ಹಾಸಲಿಕ್ಕೆ, ಹೊದಿಸಲಿಕ್ಕೆ. ವರ್ಷಗಳು ಹೋದವು, ಸೀರೆ ಟ್ರಂಕಿನಲ್ಲೇ ಮಡಿಕೆಗೊಂದರಂತೆ ಹರಿಯತೊಡಗಿತು. ಒಂದು ದಿನ ನೇತ್ರಾ ಕೇಳದೆ ಅದನ್ನು ತೆಗೆದುಕೊಂಡು ಹುಕ್ಕಿಗೆ ಸುತ್ತಿದಳು. ಅತ್ತೆ ನೋಡಿದಳು, ಏನೂ ಅನ್ನಲಿಲ್ಲ. ಆ ಏನೂ ಅನ್ನದಿರುವುದು ನೇತ್ರಾಳಿಗೆ ಇಂದಿಗೂ ಚುಚ್ಚುತ್ತಿತ್ತು. ಬೈದಿದ್ದರೆ ಬಟ್ಟೆಯನ್ನು ತಿರುಗಿ ಕೊಟ್ಟುಬಿಡಬಹುದಿತ್ತು.

ಗಂಟು ಬಗಲಿಗೆ ಬಂದ ಕೂಡಲೇ ಅವಳ ಎಡಗೈ ತಾನೇ ಬಾಗಿ ಅದಕ್ಕೆ ಜಾಗ ಮಾಡಿಕೊಟ್ಟಿತು. ಅದೇ ಅವಳಿಗೆ ಸಿಟ್ಟು ತರಿಸುತ್ತಿತ್ತು. ಭಾರವಾದ ವಸ್ತುವನ್ನು ಹೆಂಗಸು ಇನ್ನು ಹೇಗೆ ಹಿಡಿಯಬೇಕು? ತಲೆಯ ಮೇಲೆ ಹೊತ್ತರೆ ಅಡ್ಡಾಡುವವರು ನಿಂತು ನೋಡುತ್ತಾರೆ, ಕೈಯಲ್ಲಿ ತೂಗಾಡಿಸಿದರೆ ಮೊಣಕಾಲಿಗೆ ಬಡಿಯುತ್ತದೆ. ಬಗಲಲ್ಲಿ ಮಾತ್ರ ಅದು ಸುಮ್ಮನೆ ಇರುತ್ತಿತ್ತು. ಬೆಟಗೇರಿಯ ತಮ್ಮ ಓಣಿಗೆ ಲಾರಿ ಹೋಗುವುದಿಲ್ಲ; ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ, ಹುಕ್ಕು ಬಿಚ್ಚಿಕೊಂಡು, ಮಗ್ಗದ ಸದ್ದಿನ ನಡುವೆ ನಡೆದು ಬರಬೇಕು. ಕಟ್ಟೆಯ ಮೇಲೆ ಕಾಳು ಹಸನು ಮಾಡುವ ಹೆಂಗಸರು ದಿನಾ ಕೇಳುತ್ತಿದ್ದರು: "ನೇತ್ರಾ, ಕೂಸಿಗೆ ಹಾಲು ಕುಡಿಸಿದೇನ?" "ಇವತ್ತು ಭಾಳ ಅಳಾಕ ಹತ್ತಿತ್ತೇನ?" ಮೊದಲ ದಿನ ಅವಳೂ ನಕ್ಕಿದ್ದಳು. ನಗಬಾರದಿತ್ತು. ನಕ್ಕದ್ದರಿಂದ ಅದು ಓಣಿಯ ಆಸ್ತಿಯಾಗಿಬಿಟ್ಟಿತು.

ಅದಕ್ಕಿಂತ ದೊಡ್ಡದು ಗದಗಿನ ದವಾಖಾನೆಯ ಮಾತು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಡಾಕ್ಟರಮ್ಮ ಕರೆಯುವವರೆಗೆ ಬಾಕಿನ ಮೇಲೆ ಕೂತಿದ್ದಳು, ಗಂಟು ತೊಡೆಯ ಮೇಲಿತ್ತು, ಹೊರಗೆ ನಿಲ್ಲಿಸಿದ ಲಾರಿಯಲ್ಲಿ ಬಿಡಲು ಧೈರ್ಯವಿರಲಿಲ್ಲ. ಪಕ್ಕದಲ್ಲಿ ಕೂತ, ದಿನ ತುಂಬಿದ ಬಸುರಿ ಹುಡುಗಿಯೊಬ್ಬಳು ದಡಿಯ ಕೆಂಪನ್ನು ನೋಡಿ, "ಎಷ್ಟು ತಿಂಗಳದ್ರಿ?" ಎಂದಳು. ನೇತ್ರಾ ಬಾಯಿ ತೆರೆದಳು. "ಆರು" ಎಂದಳು. ಹೊಸ ಹುಕ್ಕು ಮಾಡಿಸಿ ಆಗ ಆರು ತಿಂಗಳಾಗಿತ್ತು, ಆ ಲೆಕ್ಕಕ್ಕೆ ಸುಳ್ಳೇನಲ್ಲ. "ಗಂಡೋ ಹೆಣ್ಣೋ?" "ಹೆಣ್ಣು." ಹುಡುಗಿ ಮುಖ ನೋಡಲು ಬಾಗಿದಾಗ ಅವಳು ಸೆರಗು ಎಳೆದು ಮುಚ್ಚಿದಳು: "ಮಲಗೇತ್ರಿ. ಗಾಳಿ ಬಡೀತೈತಿ." ಎಷ್ಟು ಸಲೀಸಾಗಿ ಬಂತು ಆ ಮಾತು! ಒಳಗೆ ಕರೆದಾಗ ಡಾಕ್ಟರಮ್ಮ ಹೇಳಿದ ಒಂದು ಮಾತೂ ತಲೆಗೆ ಹೋಗಲಿಲ್ಲ. ಹೊರಗೆ ಬಂದು, ಲಾರಿಯ ಬಾಗಿಲು ಹಾಕಿಕೊಂಡು, ನಾಚಿಕೆಯಿಂದ ಅತ್ತಳು. ಆದರೆ ಆ ಹುಡುಗಿ ಕೇಳಿದ ಗಳಿಗೆಯಲ್ಲಿ ತನಗೆ ಖುಷಿಯಾಗಿತ್ತು ಎಂಬುದನ್ನು ತನ್ನಿಂದ ತಾನು ಮುಚ್ಚಿಡಲು ಆಗಲಿಲ್ಲ.

"ಬಾ ಒಳಗ, ಎಷ್ಟೊತ್ತು ನಿಂದರ್ತಿ," ಎಂದ ಗಂಡ ವೀರೇಶ, ಹಂದರದ ಕೆಳಗಿನಿಂದ ತಿರುಗಿ ನೋಡಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ವೀರೇಶನಿಗೆ ಸಿಟ್ಟು ಬರುವುದೇ ಇಲ್ಲ, ಅದು ಅವನ ದೊಡ್ಡ ಗುಣವೆಂದು ಊರೆಲ್ಲ ಹೇಳುತ್ತದೆ. ಹೆಂಡತಿ ಲಾರಿ ಹೊಡೆಯುತ್ತೇನೆಂದಾಗ "ಸದ್ಯಕ್ಕ ಹೊಡಿ" ಎಂದಿದ್ದ. ಯಂತ್ರ ತರೋಣವೆಂದಾಗ "ಸದ್ಯಕ್ಕ ತರೂಣು" ಎಂದಿದ್ದ. ಕಳವಾದ ಮೇಲೆ ಹೊಸ ಹುಕ್ಕು ಮಾಡಿಕೊಟ್ಟವನು ಶಿರಹಟ್ಟಿಯ ಅಯ್ಯೂಬ. ಅವನ ಬೆಸುಗೆಯ ಶೆಡ್ಡು ಕರೆವ್ವನ ಹಿತ್ತಲಿಗೆ ಹೊಂದಿಕೊಂಡೇ ಇತ್ತು. "ಅಕ್ಕಾರ, ಸುತ್ತೂ ವೆಲ್ಡಿಂಗ್ ಹಚ್ಚಿ ಕೂಡಿಸಿಬಿಡ್ತೀನಿ," ಎಂದಿದ್ದ ಅಯ್ಯೂಬ. "ಕದಿಯಾವ ಇಡೀ ಲಾರಿನ ಕದೀಬೇಕ ಆಗ." ಅವಳು ಹೂಂ ಎನ್ನುವಷ್ಟರಲ್ಲಿ ವೀರೇಶ ಅಡ್ಡ ಬಂದಿದ್ದ. "ಬ್ಯಾಡ ಬ್ಯಾಡ. ಸದ್ಯಕ್ಕ ಮೊಳಿ ಇರ್ಲಿ. ಟ್ರೇಲರ ಮಾರಿದ ಮ್ಯಾಲ ಇದೊಂದು ಹಿಂದ ಯಾಕ?" ಟ್ರೇಲರ್ ಮಾರುವುದೆಂದು ಅವಳಿಗೆ ಗೊತ್ತಾದದ್ದೇ ಆಗ. ಶೆಡ್ಡಿನಿಂದ ಬರುವ ದಾರಿಯಲ್ಲಿ ಕೇಳಿದ್ದಕ್ಕೆ ಅವನು ಅವಳ ಭುಜದ ಮೇಲೆ ಕೈಯಿಟ್ಟು, ಕರುಳಿನಿಂದಲೇ ಹೇಳಿದ್ದ: "ಕೂಸು ಆದ ಮ್ಯಾಲ ನೀ ಊರೂರು ತಿರುಗೂದು ಆಕ್ಕೈತೇನ ಹುಚ್ಚಿ?" ಅಂದರೆ ಈ ಸ್ಟೀರಿಂಗು, ಈ ರಸ್ತೆ, ಮುಂಡರಗಿಯ ಹೆಂಗಸರು ದೂರದಿಂದಲೇ ಹಾರ್ನು ಗುರುತು ಹಿಡಿದು ಬಾಗಿಲಿಗೆ ಬರುವುದು, ಎಲ್ಲವೂ ಇನ್ನೂ ಹುಟ್ಟದ ಒಂದು ಕೂಸಿನ ದಾರಿ ಕಾಯುತ್ತ ನಿಂತ ಹೊತ್ತುಗಳೆವ ಕೆಲಸ. ಮೊಳೆ ಎಳೆದರೆ ಬಿಚ್ಚಿಕೊಳ್ಳುವಂಥದು. ಕಳ್ಳ ಒಬ್ಬನೇ ಅಲ್ಲ, ಮನೆಯವರೂ ಆ ಮೊಳೆಯ ಮೇಲೆಯೇ ಕಣ್ಣಿಟ್ಟಿದ್ದಾರೆ ಎಂದು ಅವಳಿಗೆ ಅನಿಸಿತ್ತು.

ಒಳಗೆ ನಡುಮನೆಯಲ್ಲಿ ಹೆಂಗಸರು ತುಂಬಿದ್ದರು. ತೊಟ್ಟಿಲಿಗೆ ಹೂವು ಸುತ್ತಿದ್ದರು. ಮೈದುನ ಸುದೀಪನ ಹೆಂಡತಿ ಸ್ನೇಹಾ, ಈ ಮನೆಯ ಮಗಳು, ಚೊಚ್ಚಲ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನೇತ್ರಾ ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿ, ಒರಳಿನ ಹತ್ತಿರ, ತನ್ನ ಗಂಟನ್ನು ಇಳಿಸಿದಳು. ಅಲ್ಲೇ ಇನ್ನೊಂದು ಗಂಟೂ ಇತ್ತು. ಹೊಸ ಕುಬಸದ ಬಟ್ಟೆ ಸುತ್ತಿದ ಗುಂಡುಕಲ್ಲು. ಕೂಸಿಗಿಂತ ಮೊದಲು, ಬಸವಣ್ಣನೆಂದು ಕರೆಸಿಕೊಂಡು, ತೊಟ್ಟಿಲಲ್ಲಿ ಮಲಗುವುದು ಅದೇ. ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು ಅದಕ್ಕೆ ಕುಂಕುಮ ಹಚ್ಚಿ, ತೊಟ್ಟಿಲ ಕೆಳಗಿನಿಂದ ಒಬ್ಬರು ಕೊಟ್ಟು, ಮೇಲಿನಿಂದ ಇನ್ನೊಬ್ಬರು ತೆಗೆದುಕೊಂಡು, ಮಲಗಿಸಿ, ತೂಗಿ, ಆಮೇಲೆ ಕೂಸಿನ ಸರದಿ. ನೇತ್ರಾ ಕೈ ತೊಳೆದುಕೊಂಡು ಬಂದು ತೊಟ್ಟಿಲ ಬದಿಗೆ ನಿಂತಳು. ಈ ಮುಂಜಾನೆ ಹುಣಸೆಹಣ್ಣು ಹಚ್ಚಿ, ಎಣ್ಣೆ ಹಚ್ಚಿ, ಮೂರು ಸಲ ಕೈ ತಿಕ್ಕಿದ್ದಳು.

"ನೇತ್ರವ್ವ, ನೀ ಇತ್ಲಾಗ ಬಾರವಾ," ಎಂದಳು ಸ್ನೇಹಾಳ ತಾಯಿ, ತುಂಬಾ ಮೆತ್ತಗೆ. "ಖಾರದ ಕೈ ನಿಂದು. ಕೂಸಿನ ಕಣ್ಣಾಗ ಏನರ ಆದೀತು. ನೀ ಆರತಿ ತಾಟು ಹಿಡಕೊಂಡು ನಿಂದರು."

"ಕಲ್ಲು ಕೊಡಾಕ ಏನ್ರಿ? ಕಲ್ಲಿಗೆ ಕಣ್ಣ ಐತೇನು?" ಎಂದಳು ನೇತ್ರಾ. ಯಾರೋ ಕಿಸಕ್ಕೆಂದರು. ಸುಮಿತ್ರವ್ವ ಸೊಸೆಯ ಮುಖ ನೋಡದೆ, "ಹೇಳಿದಂಗ ಕೇಳು," ಎಂದಳು. ಖಾರದ ಮಾತು ನೆಪವೆಂದು ಅಲ್ಲಿದ್ದ ಒಬ್ಬೊಬ್ಬಳಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಆಡದೆ ಇರುವುದನ್ನೇ ಅವರು ಮರ್ಯಾದೆ ಎನ್ನುತ್ತಿದ್ದರು. ಅವಳು ತಾಟು ಹಿಡಿದು ಗೋಡೆಗೆ ಹೊಂದಿ ನಿಂತಳು. ಬೆರಳು ಮೂಗಿನ ಹತ್ತಿರ ತಂದು ನೋಡಿಕೊಂಡಳು. ಖಾರದ ವಾಸನೆ ಇನ್ನೂ ಇತ್ತು. ಉಗುರಿನ ಸಂದಿಯಲ್ಲಿ ಕೂತ ಆ ಕೆಂಪು, ಈ ಮನೆಯ ಸಾರಿನಲ್ಲಿ ಹಾಕಿದ ಖಾರವೂ ಅದೇ. ಹೋದ ವರ್ಷ ಕುಟ್ಟಿ ಕಳಿಸಿದವಳು ಅವಳೇ. ಅದು ಅವರ ನಾಲಿಗೆಗೆ ನಡೆಯುತ್ತದೆ.

"ಅಮೃತವ್ವ, ಗುಂಡು ತಗೊಂಡ ಬಾರಬೇ," ಎಂದು ಯಾರೋ ಕೂಗಿದರು. ಅಮೃತವ್ವ ಸ್ನೇಹಾಳ ಅಜ್ಜಿ, ಕಣ್ಣಿಗೆ ಪೊರೆ ಬಂದವಳು, ಗೋಡೆ ಸವರಿಕೊಂಡು ನಡೆಯುವವಳು. ಆದರೆ ಆ ಕಲ್ಲನ್ನು ತರುವುದು ಮನೆಯ ಹಿರಿಯಳ ಹಕ್ಕು, ಬಿಟ್ಟುಕೊಡುವವಳಲ್ಲ. ಮೂಲೆಗೆ ಹೋಗಿ ಎರಡು ಗಂಟುಗಳನ್ನೂ ಮುಟ್ಟಿದಳು. ಹೊಸ ಕುಬಸದ ಬಟ್ಟೆ ಗಂಜಿಯಿಂದ ಬಿರುಸಾಗಿತ್ತು. ಇನ್ನೊಂದು ಮೆತ್ತಗಿತ್ತು, ಕೂಸಿಗೆ ಸುತ್ತುವ ಬಟ್ಟೆ ಹೇಗಿರಬೇಕೋ ಹಾಗೆಯೇ ಇತ್ತು. ಜೀವಮಾನವೆಲ್ಲ ಕೂಸುಗಳಿಗೆ ಹಳೆಯ ಸೀರೆ ಹಾಸಿದ ಕೈ ಅದು. ಮೆತ್ತನೆಯದನ್ನೇ ಎತ್ತಿಕೊಂಡಿತು.

ಕೆಂಪು ದಡಿ ಎಲ್ಲರ ನಡುವೆ ಬಂದಾಗ ನೇತ್ರಾಳಿಗೆ ಕಂಡಿತು. ಈಗ ಹೇಳಬೇಕು, ಎಂದುಕೊಂಡಳು. ಅಷ್ಟರಲ್ಲಿ ಕುಂಕುಮ ಹಚ್ಚಿದರು. ಈಗ, ಎಂದುಕೊಂಡಳು. "ಬಸವಣ್ಣನ್ನ ಕೊಟ್ಟೇನ್ರಿ, ತೊಗೋರಿ," ಎಂದು ಒಬ್ಬಳು ತೊಟ್ಟಿಲ ಕೆಳಗಿನಿಂದ ಕೊಟ್ಟಳು. "ತೊಗೊಂಡೇನ್ರಿ," ಎಂದ ಇನ್ನೊಬ್ಬಳು ಭಾರಕ್ಕೆ ಜೋಲಿ ಹೊಡೆದು, "ಯವ್ವಾ, ಎಷ್ಟ ಜಡ ಐತ್ಯ!" ಎಂದಳು. "ಜಡ ಇದ್ರ ಛಲೋ, ಕೂಸು ಗಟ್ಟಿ ಆಕ್ಕೈತಿ," ಎಂದಳು ಸುಮಿತ್ರವ್ವ, ತನ್ನದೇ ಸೀರೆಯನ್ನು ಗುರುತಿಸದೆ. ಅವಳ ಕಣ್ಣು ಮೊಮ್ಮಗಳ ಮೇಲಿತ್ತು. ಹುಕ್ಕು ಹೂವಿನ ತೊಟ್ಟಿಲಲ್ಲಿ ಮಲಗಿತು. ಹೆಂಗಸರು ಜೋಗುಳ ಹಿಡಿದರು. ತೊಟ್ಟಿಲು ತೂಗಿತು, ಹಗ್ಗ ಕಿರ್ರೆಂದಿತು. ಹೇಳುವುದಿಲ್ಲ, ಎಂದುಕೊಂಡಳು ನೇತ್ರಾ. ನನ್ನನ್ನು ಯಾರು ಕೇಳಿದರು? ಮುಟ್ಟಬೇಡ ಎಂದಿರಿ, ಮುಟ್ಟಿಲ್ಲ. ತೂಗಿರಿ. ಊರೂರಿನಲ್ಲಿ ಕಳ್ಳರಿಂದ ಕಾದದ್ದನ್ನು, ಓಣಿಯಲ್ಲಿ ನಗಿಸಿಕೊಂಡು ತಂದದ್ದನ್ನು, ನೀವು ಹಾಳು ಕಬ್ಬಿಣ ಎಂದದ್ದನ್ನು ನಿಮ್ಮ ಕೈಯಾರೆ ತೂಗಿರಿ. ಅವಳ ಕಣ್ಣು ತುಂಬಿತ್ತು, ಬಾಯಿ ಮಾತ್ರ ನಗುತ್ತಿತ್ತು. ಹಾಗೆ ನಗುತ್ತಿರುವುದು ದೊಡ್ಡ ತಪ್ಪೆಂದು ಗೊತ್ತಿದ್ದೂ ಅವಳು ಅದನ್ನು ತಡೆಯಲಿಲ್ಲ.

ಕೂಸನ್ನು ಮಲಗಿಸಲೆಂದು ಗುಂಡನ್ನು ಎತ್ತಿದಾಗ ಬಟ್ಟೆ ಜಾರಿತು. ಕೊಕ್ಕೆಯ ಮೂತಿ ಹೊರಗೆ ಬಂತು, ಕಪ್ಪಗೆ, ಗ್ರೀಸು ಮೆತ್ತಿಕೊಂಡು, ಹಣೆಯ ಮೇಲೆಂಬಂತೆ ಬಟ್ಟೆಯ ಹರಕಿನೊಳಗೆ ಇಳಿದ ಕುಂಕುಮ. ತೊಟ್ಟಿಲ ಬಿಳಿಯ ಹಾಸಿಗೆಯ ಮೇಲೆ ಎಣ್ಣೆಯ ಕಲೆ. ಎತ್ತಿದವಳು ಚೀರಿ ಅದನ್ನು ತಿರುಗಿ ತೊಟ್ಟಿಲಿಗೇ ಬಿಟ್ಟಳು. ಜೋಗುಳ ನಿಂತಿತು. "ಏನಿದು? ಇದೇನಿದು?" ಎನ್ನುತ್ತ ಅಮೃತವ್ವ ಒಬ್ಬಳೇ ಕತ್ತಲಲ್ಲಿ ಕೈ ಆಡಿಸುತ್ತಿದ್ದಳು. ಗದ್ದಲ ಕೇಳಿ ವೀರೇಶ, ಸುದೀಪ ಇಬ್ಬರೂ ಬಾಗಿಲಿಗೆ ಬಂದರು. ಸ್ನೇಹಾ ಕೂಸಿನ ಮುಖವನ್ನು ತನ್ನ ಎದೆಗೆ ತಿರುಗಿಸಿಕೊಂಡಳು. ನೇತ್ರಾ ಕಂಡದ್ದು ಅದೊಂದನ್ನೇ. ಉಳಿದವರು ಏನಾದರೂ ಅನ್ನಲಿ, ತನ್ನನ್ನು ಅಕ್ಕ ಎಂದು ಕರೆದು ಲಾರಿಯ ಮುಂದಿನ ಸೀಟಿನಲ್ಲಿ ಕೂತು ಬಿಂಕದಕಟ್ಟಿ ಮೃಗಾಲಯದ ಹುಲಿ ನೋಡಲು ಬಂದಿದ್ದ ಹುಡುಗಿ ಹೀಗೆ ತಿರುಗಿಸಿಕೊಳ್ಳಬಾರದಿತ್ತು.

"ನೋಡಕೋತ ನಿಂತಿದ್ದೆಲ್ಲ, ಮೊದಲ ಹೇಳಾಕ ಏನಾಗಿತ್ತು ನಿನಗ?" ಎಂದಳು ಸುಮಿತ್ರವ್ವ.

"ನನ್ನ ಯಾರ ಕೇಳಿದ್ರಿ ಅತ್ತಿ? ದೂರ ನಿಂದರು ಅಂದ್ರಿ, ನಿಂತೆ."

"ಬೇಕಂತ ಮಾಡ್ಯಾಳ," ಎಂದಳು ಯಾರೋ ಹಿಂದಿನಿಂದ. "ಹೊಟ್ಟಿಕಿಚ್ಚು. ತೊಟ್ಟಲದಾಗ ಕಬ್ಬಿಣ! ಗೋಮೂತ್ರ ತರ್ರಿ."

ನೇತ್ರಾ ಆರತಿಯ ತಾಟನ್ನು ಕಿಟಕಿಯ ಮೇಲಿಟ್ಟಳು. "ಬಾಣಂತಿ ತಲಿದಿಂಬಿನ ಕೆಳಗ ಕುಡಗೋಲು ಇಟ್ಟೀರಿ. ಅದೇನ್ ಬೆಣ್ಣಿದೇನ್ರಿ? ಕೆಟ್ಟ ಗಾಳಿ ತಡಿಯಾಕ ಆ ಕಬ್ಬಿಣ ಬೇಕು. ಈ ಕಬ್ಬಿಣ ಯಾಕ ಆಗಿಬರಂಗಿಲ್ಲ? ಇದನ್ನ ಹೊತ್ತ ತಂದಾಕಿ ಬಂಜಿ ಅಂತ ಹೌದಲ್ಲೊ? ಅಂದಬಿಡ್ರಿ ಒಮ್ಮೆ. ಖಾರದ ಕೈ, ಖಾರದ ಕೈ ಅಂತ ಯಾಕ ಸುತ್ತಿ ಸುತ್ತಿ ಮಾತಾಡ್ತೀರಿ?"

ಆ ಶಬ್ದವನ್ನು ಅವಳೇ ಆಡಿದ್ದರಿಂದ ಉಳಿದವರಿಗೆ ಆಡಲು ಏನೂ ಉಳಿಯಲಿಲ್ಲ. ಎಷ್ಟು ವರ್ಷ ಅದಕ್ಕೆ ಹೆದರಿದ್ದಳು! ಬಾಯಿಂದ ಹೊರಗೆ ಬಿದ್ದ ಮೇಲೆ ಅದು ಬರೀ ಎರಡು ಅಕ್ಷರ. "ನೇತ್ರಾ," ಎಂದ ವೀರೇಶ ಬಾಗಿಲಿನಿಂದ, "ಸದ್ಯಕ್ಕ ಸುಮ್ನಿರು." ಅವಳು ತೊಟ್ಟಿಲ ಹತ್ತಿರ ಹೋದಳು. ಹೆಂಗಸರು ದಾರಿ ಬಿಟ್ಟರು. ಹುಕ್ಕನ್ನು ಎತ್ತಿ ಬಗಲಿಗೆ ಹಾಕಿಕೊಂಡಳು, ಬಟ್ಟೆಯನ್ನು ಸುತ್ತಲಿಲ್ಲ, ಹೆಗಲ ಮೇಲೆ ಎಸೆದುಕೊಂಡಳು. ಅಮೃತವ್ವ ತಡಕಾಡಿ ಅವಳ ಕೈ ಹಿಡಿದು, "ನನ್ನ ತಪ್ಪವಾ, ಕಣ್ಣು ಕಾಣವೊಲ್ವು," ಎಂದಳು. "ನಿಮ್ಮದೇನೂ ತಪ್ಪಿಲ್ಲಬೇ ಅಮ್ಮ, ನೀವು ಮೆತ್ತಂದು ನೋಡಿ ತಂದ್ರಿ," ಎಂದಳು ನೇತ್ರಾ. ಮುದುಕಿಯ ಮೇಲೆ ಅವಳಿಗೆ ಅಕ್ಕರೆ ಉಕ್ಕಿತು. ಈ ಮನೆಯಲ್ಲಿ ತನ್ನ ಗಂಟನ್ನು ಮುಟ್ಟಿ ನೋಡಿದವಳು ಅವಳೊಬ್ಬಳೇ.

ಹಾಸಿಗೆ ಬದಲಾಯಿತು, ಗೋಮೂತ್ರ ಚಿಮುಕಿಸಿದರು, ಸರಿಯಾದ ಕಲ್ಲು ತೂಗಿಸಿಕೊಂಡಿತು, ಕೂಸು ಮಲಗಿತು, ಹೆಸರಿಟ್ಟರು. ಅವಳು ಹೊರಟುಹೋಗುತ್ತಾಳೆಂದು ಎಲ್ಲರೂ ಎಣಿಸಿದ್ದರು. ಹೋಗಲಿ ಎಂದು ಕಾಯುತ್ತಲೂ ಇದ್ದರು. ಹೋಗಿದ್ದರೆ ಅವಳ ಅಳುವಿನ ಬಗ್ಗೆ ಮಾತಾಡಿ ಸಮಾಧಾನಪಡುತ್ತಿದ್ದರು. ನೇತ್ರಾ ಹಂದರದಲ್ಲಿ ಎಲೆಯ ಮುಂದೆ ಕೂತಳು. ಹುಕ್ಕು ಪಕ್ಕದಲ್ಲಿ, ಯಾರೂ ಕೂರದ ಚಾಪೆಯ ಮೇಲೆ. ಬಡಿಸುವವನು ಒಂದು ಗಳಿಗೆ ಅನುಮಾನಿಸಿ ಮುಂದೆ ಹೋಗಲಿದ್ದ. "ಇಲ್ಲೆ ಎರಡು ಹೋಳಿಗಿ ಹಾಕಪಾ, ತುಪ್ಪ ಹಾಕು," ಎಂದು ತಡೆದಳು. ಎರಡನ್ನೂ ಉಂಡಳು. ಕಟ್ಟಿನ ಸಾರು ಕೇಳಿ ಹಾಕಿಸಿಕೊಂಡಳು, ಸುರಿದು ಕುಡಿದಳು. ತಾನು ಕುಟ್ಟಿದ ಖಾರ ಮೂಗಿಗೆ ಏರಿ ಕಣ್ಣಲ್ಲಿ ನೀರು ಬಂದಾಗ ಒರೆಸಿಕೊಳ್ಳದೆ ಎಲ್ಲರ ಮುಖ ನೋಡಿದಳು. ದೂರದಲ್ಲಿ ವೀರೇಶ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. ಅವನ ಮೇಲೆ ಅವಳಿಗೆ ಸಿಟ್ಟಿಗಿಂತ ಮರುಕವೇ ಹೆಚ್ಚು ಬಂತು. ಈ ಮನುಷ್ಯ ಇಡೀ ಬದುಕನ್ನೇ ಸದ್ಯಕ್ಕೆ ಬದುಕುತ್ತಿದ್ದಾನೆ.

ಓಣಿಗೆ ಬಂದು ಕುಕ್ಕರಗಾಲಿನಲ್ಲಿ ಕೂತು ಹುಕ್ಕನ್ನು ಕೊಳವೆಗೆ ತುರುಕಿ ಮೊಳೆ ಹೊಡೆದಳು. ಕಟ್ಟೆಯ ಮೇಲಿನ ಇಬ್ಬರೂ ಇನ್ನೂ ಅಲ್ಲೇ ಇದ್ದರು. "ಏನವಾ, ಒಳಗ ಒಯ್ದಿದ್ದೆಲ್ಲ ಅದನ್ನ?" ಎಂದ ಒಬ್ಬ. "ಊಟಕ್ಕ ಕರ್ಕೊಂಡು ಹೋಗಿದ್ದೆರಿ," ಎಂದಳು. ಅವನು ನಗಲೋ ಬೇಡವೋ ತಿಳಿಯದೆ ಎಲೆಯಡಿಕೆ ಉಗುಳಿದ. ಸುದೀಪ ಬೀಗರ ಮನೆಯಲ್ಲೇ ಉಳಿದ. ಲಾರಿಯಲ್ಲಿ ಮೂವರೇ: ಅವಳು, ನಡುವೆ ಅತ್ತೆ, ಕಿಟಕಿಯ ಬದಿಗೆ ಗಂಡ. ರಸ್ತೆಯ ಎರಡೂ ಕಡೆ ಕೊಯ್ದ ಜೋಳದ ಕೂಳೆ, ಕಪ್ಪು ಎರೆ ಭೂಮಿ ಬಿಸಿಲಿಗೆ ಬಿರುಕು ಬಿಟ್ಟಿತ್ತು.

"ನಾ ಏನಂತೀನಿ," ಎಂದ ವೀರೇಶ ಕೊನೆಗೆ, ಕಿಟಕಿಯ ಕಡೆ ಮುಖ ಮಾಡಿ. "ಟ್ರೇಲರ ಕರೆವ್ವನ ಹಿತ್ತಲದಾಗ ಇರ್ಲಿ ಸದ್ಯಕ್ಕ. ಮುಂಡರಗಿಗೆ ಫೋನ್ ಮಾಡಿ ಬರಂಗಿಲ್ಲ ಅಂತ ಹೇಳು. ನಾಕ ದಿನ ಹೋಗ್ಲಿ. ಮಂದಿ ಮರೀತಾರ."

ನೇತ್ರಾ ಗೇರ್ ಬದಲಿಸಿದಳು. ಶಿರಹಟ್ಟಿಯಲ್ಲಿ ಕರೆವ್ವನ ಹಿತ್ತಲಿಗೆ ತಿರುಗುವ ಬದಲು ಅದರ ಪಕ್ಕದ ಶೆಡ್ಡಿನ ಮುಂದೆ ಲಾರಿಯ ಬೆನ್ನನ್ನು ಒಳಗೆ ಮಾಡಿ ನಿಲ್ಲಿಸಿದಳು. ಅಯ್ಯೂಬ ಕಿಟಕಿಯ ಸರಳು ಕೊಯ್ಯುತ್ತಿದ್ದವನು ಎದ್ದು ಬಂದ.

"ಅಯ್ಯೂಬಣ್ಣ, ಹುಕ್ಕು ಕೂಡಿಸಿಬಿಡು. ಮೊಳಿನೂ ಸೇರಿಸಿ."

ವೀರೇಶ ಇಳಿದು ಹಿಂದಕ್ಕೆ ಬಂದ. ಅಯ್ಯೂಬನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಟಾಕಿ ಹಾಕಿದ್ರ ಸಾಕು. ಸದ್ಯಕ್ಕ ಎರಡು ಕಡೆ ಟಾಕಿ ಹಾಕಪಾ, ನಾಳಿ ಬೇಕಾದ್ರ ಕೊಯ್ಯಾಕ ಬರೂವಂಗ."

"ಸುತ್ತೂ ಹಚ್ಚು," ಎಂದಳು ನೇತ್ರಾ.

ಅಯ್ಯೂಬ ಬೆಸುಗೆಯ ಕಡ್ಡಿ ಹಿಡಿದು ನಿಂತೇ ಇದ್ದ. ಗಂಡಸಿನ ಮಾತು ಒಂದು, ಹೆಂಗಸಿನ ಮಾತು ಒಂದು. "ಅಣ್ಣಾರ, ಏನ್ ಮಾಡ್ಲಿ ಹೇಳ್ರಿ," ಎಂದ, ವೀರೇಶನಿಗೆ. ಲಾರಿ ನಡೆಸುವವಳು ಅವಳು, ಹುಕ್ಕು ಕಾದವಳು ಅವಳು, ಹೌದೆನ್ನಬೇಕಾದವನು ಅವನು. ವೀರೇಶ ಬಾಯಿ ತೆರೆದ. ಅವನು ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು.

"ಅಂವನ್ನ ಕೇಳಬ್ಯಾಡ ಅಯ್ಯೂಬಣ್ಣ. ನಾಳಿ ಮುಂಡರಗಿಗೆ ಹೋಗಾಕಿ ನಾನು, ಅಂವ ಅಲ್ಲ. ನೀ ಹಚ್ಚಂಗಿಲ್ಲ ಅಂದ್ರ ಕಡ್ಡಿ ಇತ್ತ ಕೊಡು, ನಾನ ಹಚ್ಚತೀನಿ. ಕೈ ಸುಟ್ರ ಸುಡ್ಲಿ. ಮೊದಲ ಖಾರದ ಕೈ."

ಗಂಡನನ್ನು ಮಂದಿಯ ಮುಂದೆ ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅಯ್ಯೂಬ ಅವನನ್ನು ಇನ್ನೊಮ್ಮೆ ನೋಡಲಿಲ್ಲ. ಕಪ್ಪು ಗಾಜು ಮುಖಕ್ಕೆ ಹಿಡಿದು ಮಂಡಿಯೂರಿದ. ಕಿಡಿ ಹಾರಿತು. ಎಲ್ಲರೂ ಮುಖ ತಿರುಗಿಸಿದರು, ಸುಮಿತ್ರವ್ವ ಸೆರಗು ಅಡ್ಡ ಹಿಡಿದಳು. ನೇತ್ರಾ ಕಣ್ಣು ಮುಚ್ಚಿ ಅಲ್ಲೇ ನಿಂತಳು. ಮುಚ್ಚಿದ ರೆಪ್ಪೆಯೊಳಗೂ ಬೆಳಕು ಕೆಂಪಗೆ ಉರಿಯಿತು. ಸುಟ್ಟ ಗ್ರೀಸಿನ ವಾಸನೆ, ಅದರ ಜೊತೆ ಸುಟ್ಟ ಕುಂಕುಮದ ವಾಸನೆಯೂ ಇತ್ತೇನೋ. ದವಾಖಾನೆಯ ಬಾಕಿನ ಮೇಲಿನ ಹುಡುಗಿ ನೆನಪಾದಳು. ಅವಳಿಗೆ ಈಗ ಹೆತ್ತು ಆಗಿರಬೇಕು. ಸುಖವಾಗಿರಲಿ. ಕೂಸು ಬೇಕೆಂಬ ಆಸೆ ನೇತ್ರಾಳಿಗೆ ಹೋಗಿರಲಿಲ್ಲ, ಹೋಗುವಂಥದೂ ಅಲ್ಲ. ಬಂದರೆ ಬರಲಿ, ಅದೂ ಈ ಲಾರಿಯಲ್ಲೇ ಕೂತು ಮುಂಡರಗಿಗೆ ಬರಲಿ. ಅದು ಬರುವವರೆಗೆ ಬಿಚ್ಚಿ ಇಟ್ಟುಕೊಂಡು ಕೂರುವುದು ಮಾತ್ರ ಇನ್ನಿಲ್ಲ.

ಅಯ್ಯೂಬ ಎದ್ದು ಸುತ್ತಿಗೆಯಿಂದ ಬಡಿದು ತೋರಿಸಿದ. ಹುಕ್ಕು ಅಲುಗಲಿಲ್ಲ, ಲಾರಿಯೇ ಒಂದಿಷ್ಟು ಅಲುಗಿತು. ಸುಮಿತ್ರವ್ವ ಹತ್ತಿರ ಬಂದು, ಇನ್ನೂ ಹೊಗೆಯಾಡುತ್ತಿದ್ದ ಬೆಸುಗೆಯನ್ನು ಬಾಗಿ ನೋಡಿದಳು.

"ಇನ್ನ ಬಿಚ್ಚಾಕ ಬರಂಗಿಲ್ಲೇನು?"

"ಬರಂಗಿಲ್ರಿ ಅತ್ತಿ."

ಮುದುಕಿ ಸೊಸೆಯ ಹೆಗಲ ಮೇಲಿದ್ದ ಬಟ್ಟೆಯ ಕಡೆ ಕೈ ಚಾಚಿದಳು. "ಹಂಗಾರ ಆ ಸೀರಿ ಇತ್ತ ಕೊಡು. ಇನ್ನ ಅದಕ್ಕೇನ್ ಕೆಲಸ? ಒಗದು ಕಳಸ್ತೀನಿ, ಸ್ನೇಹಾನ ಕೂಸಿಗರ ಆಗ್ಲಿ."

ಇಷ್ಟು ದಿನ ಬರದಿದ್ದ ಬೈಗುಳ ಕೊನೆಗೂ ಬಂತು ಎಂದು ನೇತ್ರಾಳಿಗೆ ಅನಿಸಿತು. ಪೆಟ್ಟು ಸರಿಯಾದ ಜಾಗಕ್ಕೇ ಬಿದ್ದಿತ್ತು. ನೋವಾಯಿತು. ಬಟ್ಟೆಯನ್ನು ಹೆಗಲಿನಿಂದ ತೆಗೆದಳು, ಮೆತ್ತನೆಯ ಮಡಿಕೆಗಳನ್ನು ಕೈಯಲ್ಲಿ ಹಿಡಿದಳು. ಅತ್ತೆಯ ಕೈ ಇನ್ನೂ ಚಾಚಿಯೇ ಇತ್ತು.

"ಕೊಡಂಗಿಲ್ರಿ," ಎಂದಳು. "ನನಗಂತ ಇಟ್ಟಿದ್ದು ಇದು. ನನಗ ಬೇಕು."

ಬಟ್ಟೆಯನ್ನು ಕೊರಳಿಗೆ ಸುತ್ತಿ ಗಂಟು ಹಾಕಿಕೊಂಡಳು. ನಾಳೆ ಖಾರ ಕುಟ್ಟುವಾಗ ಮೂಗಿಗೆ ಏರಿಸಿಕೊಳ್ಳಲು ಅನುಕೂಲವಾಗುತ್ತದೆ. ಲಾರಿ ಹತ್ತಿ, ಕರೆವ್ವನ ಹಿತ್ತಲಿನ ಕಡೆ ಹಿಮ್ಮುಖವಾಗಿ ಬಿಡುತ್ತ, ಕನ್ನಡಿಯಲ್ಲಿ ನೋಡುತ್ತ, "ರೀ, ಟ್ರೇಲರಿನ ಮೂತಿ ಎತ್ತಿ ಹಿಡೀರಿ," ಎಂದು ಕೂಗಿದಳು. ವೀರೇಶ ಒಂದು ಗಳಿಗೆ ನಿಂತ, ಆಮೇಲೆ ಹೋಗಿ ಎತ್ತಿ ಹಿಡಿದ.